ಯಂತ್ರ ನಿರ್ವಹಣೆಯ ವೇಳೆ ಆಗುವ ಕೈಗಾಯಗಳು

ಯಂತ್ರವನ್ನು ಶುಚಿಗೊಳಿಸುವಾಗ, ಎಣ್ಣೆ ಅಥವಾ ಗ್ರೀಸು ಹಾಕುವಾಗ, ಬೆಲ್ಟು ಬದಲಿಸುವಾಗ, ಸಿಕ್ಕಿಕೊಂಡ ಸರಕನ್ನು ಬಿಡಿಸುವಾಗ ಅಥವಾ ಬಿಡಿಭಾಗಗಳನ್ನು ದುರಸ್ತಿ ಮಾಡುವಾಗ ಕೆಲಸಗಾರನ ಬೆರಳು, ಅಂಗೈ, ಮಣಿಕಟ್ಟು ಹಾಗೂ ಮುಂದೋಳಿಗೆ ಆಗುವ ಪೆಟ್ಟುಗಳನ್ನು ಯಂತ್ರ ನಿರ್ವಹಣೆಯ ಕೈಗಾಯಗಳು ಎಂದು ಕರೆಯಲಾಗುತ್ತದೆ. ಯಂತ್ರವು ತನ್ನ ನಿತ್ಯದ ಕೆಲಸವನ್ನು ಮಾಡುತ್ತಿರುವಾಗ ಆಗುವ ಅಪಘಾತಗಳಿಂದ ಇವು ಬೇರೆ. ನಿತ್ಯದ ಕೆಲಸದಲ್ಲಿ ಕೈಗೂ ಚಲಿಸುವ ಭಾಗಕ್ಕೂ ನಡುವೆ ಜಾಲರಿ, ಮುಚ್ಚಳ ಅಥವಾ ಕನಿಷ್ಠ ಒಂದಿಷ್ಟು ಅಂತರ ಇರುತ್ತದೆ. ದುರಸ್ತಿಯ ಹೊತ್ತಿನಲ್ಲಿ ಜಾಲರಿಯನ್ನು ಬಿಚ್ಚಿಟ್ಟಿರುತ್ತಾರೆ ಮತ್ತು ಕೈಯನ್ನು ಒಳಗೆ ಇಡಲೇಬೇಕಾಗಿರುತ್ತದೆ.

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರ ಹಾಗೂ ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಈ ವಿಷಯ ದೊಡ್ಡ ಕಾರ್ಖಾನೆಗಳಿಗಷ್ಟೇ ಸೇರಿದ್ದಲ್ಲ. ಹಿಟ್ಟಿನ ಗಿರಣಿ, ಶೇಂಗಾ ಸುಲಿಯುವ ಯಂತ್ರ, ಎಣ್ಣೆ ಗಿರಣಿ, ಮೆಕ್ಕೆಜೋಳ ಮತ್ತು ಜೋಳದ ರಾಶಿ ಮಾಡುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಕೊಳವೆಬಾವಿಯ ಪಂಪು ಇವೆಲ್ಲ ಇಲ್ಲಿನ ಊರುಗಳ ದಿನನಿತ್ಯದ ಯಂತ್ರಗಳು. ಇವುಗಳಲ್ಲಿ ಹೆಚ್ಚಿನವನ್ನು ನಡೆಸುವವನೇ ದುರಸ್ತಿ ಮಾಡುವವನೂ ಆಗಿರುತ್ತಾನೆ. ಕೆಟ್ಟ ಯಂತ್ರದ ಮುಂದೆ ಚೀಲ ಹಿಡಿದು ನಿಂತವರ ಸಾಲು ಬೆಳೆಯುತ್ತಿದ್ದಂತೆ ಅವನ ಕೈಯ ವೇಗವೂ ಹೆಚ್ಚುತ್ತದೆ.

ಕಾರಣಗಳು

ಗುಂಡಿ ಒತ್ತಿ ನಿಲ್ಲಿಸಿದ ಯಂತ್ರ ನಿಜವಾಗಿ ನಿಂತಿರುವುದಿಲ್ಲ ಎಂಬುದು ಈ ಗಾಯಗಳ ಮೂಲದಲ್ಲಿರುವ ಸಂಗತಿ. ಭಾರವಾದ ಚಕ್ರ, ಅಂದರೆ ಫ್ಲೈವೀಲು, ಮೋಟಾರು ನಿಂತ ಮೇಲೂ ಸ್ವಲ್ಪ ಹೊತ್ತು ತನ್ನ ಬಲದಿಂದಲೇ ತಿರುಗುತ್ತಿರುತ್ತದೆ. ಬಿಗಿಯಾಗಿ ಸಿಕ್ಕಿಕೊಂಡ ಬೆಲ್ಟಿನಲ್ಲಿ ಎಳೆತ ಉಳಿದಿರುತ್ತದೆ. ಅಡ್ಡ ಬಂದ ದಂಟನ್ನೋ ಬಟ್ಟೆಯನ್ನೋ ಕಿತ್ತ ಕೂಡಲೇ ಅದು ಒಂದೆರಡು ಸುತ್ತು ತಿರುಗಿಬಿಡುತ್ತದೆ. ಬೆರಳನ್ನು ತೆಗೆಯಲು ಒಂದು ಸುತ್ತು ಸಾಕು. ಮೇಲೆತ್ತಿ ನಿಲ್ಲಿಸಿದ ಟ್ರೇಲರಿನ ತೊಟ್ಟಿ, ಹೈಡ್ರಾಲಿಕ್ ಎಣ್ಣೆಯ ಒತ್ತಡ, ಗಾಳಿಯ ಟ್ಯಾಂಕು, ಬಿಗಿದ ಸ್ಪ್ರಿಂಗು ಇವೆಲ್ಲವೂ ವಿದ್ಯುತ್ತು ಕಡಿದ ಮೇಲೂ ಉಳಿಯುವ ಬಲಗಳು.

ಎರಡನೆಯ ಕಾರಣ ವೇಗ. ನಮ್ಮಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಅದಕ್ಕೆ 20 ಸೆಂಟಿಮೀಟರ್ ಅಡ್ಡಳತೆಯ ಪುಲ್ಲಿಯನ್ನು ಹಾಕಿದ್ದರೆ ಬೆಲ್ಟು ಸೆಕೆಂಡಿಗೆ 15 ಮೀಟರಿನಷ್ಟು ಓಡುತ್ತದೆ. ಅಪಾಯ ಕಂಡ ಮನುಷ್ಯ ಕೈ ಹಿಂದಕ್ಕೆ ಎಳೆದುಕೊಳ್ಳಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಮೂರೂಮುಕ್ಕಾಲು ಮೀಟರು ಬೆಲ್ಟು ಪುಲ್ಲಿಯ ಮೇಲೆ ಹಾದುಹೋಗಿರುತ್ತದೆ. ಟ್ರ್ಯಾಕ್ಟರಿನ ಹಿಂಬದಿಯಿಂದ ರಾಶಿ ಯಂತ್ರಕ್ಕೆ ಬಲ ಕೊಡುವ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ನೋಡುವವರಿಗೆ ಅದು ನಿಧಾನವೆಂದೇ ಕಾಣುತ್ತದೆ. ಆದರೆ ಸೆಕೆಂಡಿಗೆ 9 ಸುತ್ತು ಎಂದರೆ, ಹೆಗಲ ಮೇಲಿನ ಟವೆಲಿನ ತುದಿಯೋ ಅಂಗಿಯ ತೋಳೋ ಒಮ್ಮೆ ಸಿಕ್ಕಿತೆಂದರೆ ಬಿಡಿಸಿಕೊಳ್ಳುವ ಯೋಚನೆ ಬರುವ ಮೊದಲೇ ತೋಳು ಸುತ್ತಿಕೊಂಡಿರುತ್ತದೆ. ‘ಚುರುಕಾದವನಿಗೆ ಏನೂ ಆಗುವುದಿಲ್ಲ’ ಎಂಬ ಗಿರಣಿಗಳ ಹಳೆಯ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಮೂರನೆಯದು, ಸ್ವಿಚ್ಚು ಇನ್ನೊಬ್ಬನ ಕೈಯಲ್ಲಿರುವುದು. ಒಬ್ಬನು ಯಂತ್ರದ ಹಿಂಬದಿಯಲ್ಲಿ ಬಗ್ಗಿ ಬೇರಿಂಗು ಬಿಚ್ಚುತ್ತಿರುತ್ತಾನೆ. ಮುಂಬದಿಯಲ್ಲಿರುವವನಿಗೆ ಅವನು ಕಾಣಿಸುವುದಿಲ್ಲ. ‘ಆಯಿತಾ?’ ಎಂದು ಕೇಳಿದ್ದು ಗದ್ದಲದಲ್ಲಿ ಸರಿಯಾಗಿ ಕೇಳಿಸದೆ, ‘ಆಯಿತು’ ಎಂಬ ಉತ್ತರವನ್ನು ಮತ್ಯಾರೋ ಕೊಡುತ್ತಾರೆ.

ವಿದ್ಯುತ್ ಕಡಿತ ಮತ್ತು ಆಟೋ ಸ್ಟಾರ್ಟರು

ಗ್ರಾಮೀಣ ಕರ್ನಾಟಕದಲ್ಲಿ ಈ ಅಪಾಯಕ್ಕೆ ತನ್ನದೇ ಆದ ಒಂದು ಮುಖವಿದೆ. ಪಂಪುಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತು ದಿನದ ನಿಗದಿತ ಗಂಟೆಗಳಲ್ಲಿ ಮಾತ್ರ ಬರುತ್ತದೆ. ನಡುವೆ ಹೋಗಿ ಬರುವುದೂ ಉಂಟು. ಕರೆಂಟು ಹೋದ ಹೊತ್ತು ಯಂತ್ರದ ಕಸ ತೆಗೆಯಲು, ಬೆಲ್ಟು ಸರಿಮಾಡಲು ಅನುಕೂಲದ ಹೊತ್ತೆಂದು ಜನ ಭಾವಿಸುತ್ತಾರೆ. ಕೆಲಸ ಹೇಗೂ ನಿಂತಿದೆ, ಕೈಯೂ ಬಿಡುವಾಗಿದೆ. ಇಲ್ಲಿ ಯಂತ್ರವನ್ನು ನಿಲ್ಲಿಸಿದವರು ಯಾರೂ ಅಲ್ಲ. ಆದ್ದರಿಂದ ಅದನ್ನು ಮತ್ತೆ ಆರಂಭಿಸುವುದೂ ಯಾರ ಕೈಯಲ್ಲೂ ಇರುವುದಿಲ್ಲ.

ಮೋಟಾರಿನ ಸ್ಟಾರ್ಟರಿನೊಳಗೆ ಇದಕ್ಕೆಂದೇ ಒಂದು ಏರ್ಪಾಡಿದೆ. ಹಸಿರು ಗುಂಡಿ ಒತ್ತಿದಾಗ ‘ನೋ ವೋಲ್ಟ್ ಕಾಯಿಲ್’ ಎಂಬ ಸುರುಳಿಯು ಕಾಂತವಾಗಿ ಸಂಪರ್ಕವನ್ನು ಹಿಡಿದಿಡುತ್ತದೆ. ವಿದ್ಯುತ್ತು ಹೋದರೆ ಕಾಂತಶಕ್ತಿ ಹೋಗಿ ಸಂಪರ್ಕ ಕಳಚಿಕೊಳ್ಳುತ್ತದೆ. ವಿದ್ಯುತ್ತು ಮರಳಿದರೂ ಯಾರಾದರೂ ಮತ್ತೆ ಗುಂಡಿ ಒತ್ತುವವರೆಗೆ ಮೋಟಾರು ತಿರುಗುವುದಿಲ್ಲ. ಇಷ್ಟು ಸರಳವಾದ ಈ ಕಾಪು ಎರಡು ರೀತಿಯಲ್ಲಿ ಇಲ್ಲವಾಗುತ್ತದೆ. ಹಳೆಯ ಸ್ಟಾರ್ಟರಿನ ಕಾಯಿಲ್ ಸುಟ್ಟಾಗ ಹೊಸದನ್ನು ಹಾಕಿಸದೆ ಗುಂಡಿಗೆ ಕಡ್ಡಿ ಸಿಕ್ಕಿಸುವುದು ಅಥವಾ ಹಿಡಿಯನ್ನು ದಾರದಿಂದ ಕಟ್ಟುವುದು ಒಂದು. ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ಹೋಗುವ ತೊಂದರೆ ತಪ್ಪಿಸಲು ಅಳವಡಿಸುವ ‘ಆಟೋ ಸ್ಟಾರ್ಟರು’ ಇನ್ನೊಂದು. ಕತ್ತಲಲ್ಲಿ, ಹಾವು ಚೇಳಿನ ಭಯದಲ್ಲಿ ಬಾವಿಯವರೆಗೆ ನಡೆದುಹೋಗಬೇಕಾದ ರೈತನಿಗೆ ಆಟೋ ಸ್ಟಾರ್ಟರು ದೊಡ್ಡ ಉಪಕಾರವೇ ಸರಿ, ಅದನ್ನು ದೂಷಿಸುವಂತಿಲ್ಲ. ಆದರೆ ಅದೇ ಸಾಲಿನಿಂದ ಮೇವಿನ ಯಂತ್ರವನ್ನೋ ಬೆಲ್ಟಿನ ಪಂಪನ್ನೋ ನಡೆಸುವಾಗ, ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಯಂತ್ರ ತಾನಾಗಿ ತಿರುಗತೊಡಗುತ್ತದೆ. ಆಗ ಅದರೊಳಗೆ ಕೈಯಿಟ್ಟವನಿಗೆ ಯಾವ ಮುನ್ಸೂಚನೆಯೂ ಇರುವುದಿಲ್ಲ.

ಯಂತ್ರಗಳು ಮತ್ತು ಸಂದರ್ಭಗಳು

ಒಕ್ಕಣೆ ಅಥವಾ ರಾಶಿ ಯಂತ್ರದಲ್ಲಿ ಅಪಾಯದ ಜಾಗ ತೆನೆ ಹಾಕುವ ಬಾಯಿ. ಒದ್ದೆ ದಂಟು ಸಿಕ್ಕಿಕೊಂಡಾಗ ಕೈಯಿಂದ ಒಳಕ್ಕೆ ತಳ್ಳುವುದು ಅಥವಾ ಹೊರಕ್ಕೆ ಎಳೆಯುವುದು ಗಾಯಕ್ಕೆ ಕಾರಣವಾಗುತ್ತದೆ. ಎಳೆಯುತ್ತಿರುವ ದಂಟನ್ನು ಡ್ರಮ್ಮು ಹಿಡಿದರೆ ಕೈ ಬಿಡುವಷ್ಟರಲ್ಲಿ ಅದೂ ಒಳಗೆ ಹೋಗಿರುತ್ತದೆ. ಭಾರತೀಯ ಮಾನಕ ಸಂಸ್ಥೆ ಸುರಕ್ಷಿತ ಬಾಯಿಗೆ ಅಳತೆಯನ್ನು ಗೊತ್ತುಪಡಿಸಿದೆ. ತೆನೆ ಹಾಕುವ ದೋಣಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ ಡ್ರಮ್ಮಿನ ಕಡೆಯ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು. ಈ ಅಳತೆ ಮನುಷ್ಯನ ತೋಳಿನ ಉದ್ದವನ್ನು ನೋಡಿ ಮಾಡಿದ್ದು. ದೋಣಿಯ ಹೊರತುದಿಯಲ್ಲಿ ನಿಂತು ತೆನೆ ಹಾಕುವವನ ಕೈ ಡ್ರಮ್ಮನ್ನು ಮುಟ್ಟಬಾರದು. ಬೇಗ ಬೇಗ ತೆನೆ ಹಾಕಲು ಅಡ್ಡಿಯಾಗುತ್ತದೆಂದು ದೋಣಿಯನ್ನು ಕತ್ತರಿಸಿ ಗಿಡ್ಡ ಮಾಡಿದರೆ ಈ ಲೆಕ್ಕವೆಲ್ಲ ವ್ಯರ್ಥ.

ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಜಾರಿದಾಗ ಅದನ್ನು ಓಡುತ್ತಿರುವ ಪುಲ್ಲಿಗೇ ಕೈಯಿಂದ ಏರಿಸುವ ರೂಢಿ ಬಹಳ ಹಳೆಯದು. ಅನುಭವಿಗಳು ಇದನ್ನು ಒಂದು ಕೈಚಳಕವೆಂದು ಕಲಿಸುತ್ತಾರೆ. ಬೆಲ್ಟು ಪುಲ್ಲಿಯನ್ನು ಸೇರುವ ಮೂಲೆ ಯಾವ ಕಡೆಯಿದ್ದರೂ ಒಳಕ್ಕೇ ಎಳೆಯುತ್ತದೆ. ಎರಡು ಹಲ್ಲುಚಕ್ರಗಳು ಕೂಡುವ ಜಾಗ, ಕಬ್ಬಿನ ಗಾಣದ ಉರುಳೆಗಳ ನಡುವಣ ಸಂದು, ಸರಪಳಿ ಹಲ್ಲನ್ನು ಸೇರುವ ಕಡೆ ಇವೂ ಇದೇ ಬಗೆಯವು. ಗಾಣದ ಉರುಳೆಗಳಿಗೆ ಅಂಟಿದ ಸಿಪ್ಪೆಯನ್ನು ಗಾಣ ತಿರುಗುತ್ತಿರುವಾಗಲೇ ಕೈಯಿಂದ ಕೀಳುವುದು ಈ ಕಾರಣಕ್ಕೆ ಅತ್ಯಂತ ಅಪಾಯಕರ.

ಹೊಸಪೇಟೆ, ಸಂಡೂರು, ತೋರಣಗಲ್ಲಿನ ಅದಿರು ಮತ್ತು ಉಕ್ಕಿನ ವಲಯದಲ್ಲಿ ಕೆಲಸಕ್ಕೆ ಹೋಗುವವರಿಗೆ ಎದುರಾಗುವ ಮುಖ್ಯ ಯಂತ್ರ ಕನ್ವೇಯರ್ ಬೆಲ್ಟು. ಬೆಲ್ಟಿನ ಕೊನೆಯ ಉರುಳೆಯ ಕೆಳಗೆ ಉದುರಿದ ಅದಿರಿನ ಪುಡಿಯನ್ನು ಸಲಿಕೆಯಿಂದಲೋ ಸಲಾಕೆಯಿಂದಲೋ ತೆಗೆಯುವುದು ಅಲ್ಲಿನ ನಿತ್ಯದ ಶುಚಿ ಕೆಲಸ. ಬೆಲ್ಟು ಓಡುತ್ತಿರುವಾಗ ಸಲಾಕೆಯ ತುದಿ ಉರುಳೆಗೆ ಸಿಕ್ಕರೆ ಅದನ್ನು ಹಿಡಿದ ಕೈಯೂ ಹೋಗುತ್ತದೆ. ಇಂಥ ಬೆಲ್ಟುಗಳ ಉದ್ದಕ್ಕೂ ಎಳೆದರೆ ಯಂತ್ರ ನಿಲ್ಲುವ ಒಂದು ಹಗ್ಗವನ್ನು ಕಟ್ಟಿರುತ್ತಾರೆ. ಸಕ್ಕರೆ ಕಾರ್ಖಾನೆಗಳಲ್ಲಿ ಮಾತ್ರ ದುರಸ್ತಿಗೆ ಒಂದು ಕಾಲವೇ ಇದೆ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಯಂತ್ರಗಳನ್ನು ಬಿಚ್ಚಿ ಕೂಡಿಸುತ್ತಾರೆ.

ಆಯುಧಪೂಜೆಯ ಸಂಪ್ರದಾಯವನ್ನು ಇಲ್ಲಿ ನೆನೆಯಬಹುದು. ಹಬ್ಬದ ಮುನ್ನಾದಿನ ಸಣ್ಣ ಗಿರಣಿಯಿಂದ ದೊಡ್ಡ ವರ್ಕ್‌ಶಾಪಿನವರೆಗೆ ಎಲ್ಲರೂ ಯಂತ್ರಗಳನ್ನು ತೊಳೆದು, ಒರೆಸಿ, ಕುಂಕುಮವಿಟ್ಟು ಸುಮ್ಮನೆ ಬಿಡುತ್ತಾರೆ. ಪೂಜೆ ಮುಗಿದು ಕುಂಬಳಕಾಯಿ ಒಡೆಯುವವರೆಗೆ ಅದನ್ನು ಯಾರೂ ಚಾಲೂ ಮಾಡುವುದಿಲ್ಲ, ಚಾಲೂ ಮಾಡಬಾರದೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಸುರಕ್ಷತಾ ತಜ್ಞರು ವರ್ಷವಿಡೀ ಕೇಳಿಕೊಳ್ಳುವುದು ಇಷ್ಟನ್ನೇ.

ಗಾಯದ ಬಗೆಗಳು

ಕೈಯಲ್ಲಿ ಮಣಿಕಟ್ಟು ಸೇರಿ 27 ಮೂಳೆಗಳಿವೆ. ಬೆರಳುಗಳ ಒಳಗೆ ಮಾಂಸಖಂಡವಿಲ್ಲ. ಅವನ್ನು ಮಡಿಸುವ ಮತ್ತು ಚಾಚುವ ಖಂಡಗಳು ಬಹುಮಟ್ಟಿಗೆ ಮುಂದೋಳಿನಲ್ಲಿದ್ದು, ಉದ್ದನೆಯ ಸ್ನಾಯುರಜ್ಜುಗಳ ಮೂಲಕ ಬೆರಳನ್ನು ಎಳೆಯುತ್ತವೆ. ಹೀಗಾಗಿ ಚಕ್ರಕ್ಕೆ ಸಿಕ್ಕು ಕಿತ್ತುಬಂದ ಬೆರಳಿನ ಜೊತೆ ಮುಂದೋಳಿನಿಂದ ರಜ್ಜುವೂ ಕಿತ್ತುಬರುವುದುಂಟು. ಹರಿತವಾದ ಬ್ಲೇಡಿನಿಂದ ತುಂಡಾದ ಬೆರಳನ್ನು ಮತ್ತೆ ಜೋಡಿಸುವುದು ಸಾಧ್ಯವಾಗಬಹುದು. ಉರುಳೆಗಳ ನಡುವೆ ಜಜ್ಜಿದ ಅಥವಾ ಕಿತ್ತುಬಂದ ಬೆರಳಿನಲ್ಲಿ ರಕ್ತನಾಳಗಳೇ ಹಾಳಾಗಿರುವುದರಿಂದ ಜೋಡಣೆ ಬಹಳ ಕಷ್ಟ.

ಉಂಗುರ ಧರಿಸಿದ ಬೆರಳು ಯಂತ್ರದ ಮೊಳೆಗೋ ಬೋಲ್ಟಿಗೋ ಸಿಕ್ಕರೆ, ಮೂಳೆ ಹಾಗೇ ಉಳಿದು ಚರ್ಮ ಮಾತ್ರ ಕೈಗವಸು ಕಳಚಿದಂತೆ ಸುಲಿದುಬರುವ ಭೀಕರ ಗಾಯವಾಗುತ್ತದೆ. ಕೈಗೆ ಕಟ್ಟಿದ ದಾರ, ಕಡಗ, ಬಳೆ, ಗಡಿಯಾರಗಳೂ ಇಂಥ ಸಿಕ್ಕಿಗೆ ಕಾರಣ. ಕೈಗವಸಿನ ಬಗ್ಗೆಯೂ ಒಂದು ತಪ್ಪುಕಲ್ಪನೆ ಇದೆ. ತಗಡು ಎತ್ತುವಾಗ, ಬಿಸಿ ವಸ್ತು ಹಿಡಿಯುವಾಗ ಗವಸು ಬೇಕು. ತಿರುಗುವ ಡ್ರಿಲ್ಲು, ಲೇತು, ಶಾಫ್ಟುಗಳ ಹತ್ತಿರ ಅದೇ ಗವಸು ಕೈಯನ್ನು ಒಳಗೆ ಎಳೆಯುವ ಸಾಧನವಾಗುತ್ತದೆ.

ನೋಡಲು ಅತಿ ಚಿಕ್ಕದು, ಪರಿಣಾಮದಲ್ಲಿ ಅತಿ ದೊಡ್ಡದು ಎನ್ನಬಹುದಾದ ಗಾಯವೊಂದಿದೆ. ಗ್ರೀಸ್ ಗನ್ನಿನಿಂದಲೋ ಮಣ್ಣು ತೋಡುವ ಯಂತ್ರದ ಹೈಡ್ರಾಲಿಕ್ ಪೈಪಿನ ಸಣ್ಣ ರಂಧ್ರದಿಂದಲೋ ಚಿಮ್ಮುವ ಎಣ್ಣೆ ಅತಿ ಒತ್ತಡದಿಂದ ಬೆರಳಿನೊಳಗೆ ಹೊಕ್ಕುಬಿಡುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲಲ್ಲಿ ನೋವೂ ಕಡಿಮೆ. ಕೆಲಸಗಾರ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾನೆ. ಒಳಗೆ ಎಣ್ಣೆ ರಜ್ಜುಗಳ ಕೋಶದುದ್ದಕ್ಕೂ ಹರಡಿ ಕೆಲವೇ ಗಂಟೆಗಳಲ್ಲಿ ಬೆರಳು ಊದಿ ಕಪ್ಪಾಗತೊಡಗುತ್ತದೆ. ಇದು ತುರ್ತು ಶಸ್ತ್ರಚಿಕಿತ್ಸೆ ಬೇಡುವ ಗಾಯ. ತಡವಾದರೆ ಬೆರಳನ್ನೇ ತೆಗೆಯಬೇಕಾಗಬಹುದು. ಪೈಪಿನ ಸೋರಿಕೆಯನ್ನು ಬರಿಗೈಯಿಂದ ತಡವಿ ಹುಡುಕದೆ ಒಂದು ರಟ್ಟಿನ ತುಂಡನ್ನು ಹಿಡಿದು ನೋಡಬೇಕೆಂಬ ನಿಯಮ ಇದರಿಂದಲೇ ಬಂದಿದೆ.

ತಡೆಯುವ ಕ್ರಮಗಳು

ದುರಸ್ತಿಗೆ ಮುನ್ನ ಯಂತ್ರಕ್ಕೆ ಬರುವ ಎಲ್ಲ ಬಲವನ್ನೂ ಕಡಿದು, ಕಡಿದ ಜಾಗಕ್ಕೆ ಬೀಗ ಹಾಕಿ, ‘ಕೆಲಸ ನಡೆಯುತ್ತಿದೆ, ಚಾಲೂ ಮಾಡಬೇಡಿ’ ಎಂಬ ಚೀಟಿ ಕಟ್ಟುವ ವಿಧಾನಕ್ಕೆ ಕಾರ್ಖಾನೆಗಳಲ್ಲಿ ಲಾಕ್‌ಔಟ್ ಟ್ಯಾಗ್‌ಔಟ್ ಎಂಬ ಹೆಸರಿದೆ. ಬೀಗದ ಕೀಲಿ ಯಂತ್ರದೊಳಗೆ ಕೈಯಿಡುವವನ ಹತ್ತಿರವೇ ಇರಬೇಕು. ಮೂವರು ಕೆಲಸ ಮಾಡುತ್ತಿದ್ದರೆ ಮೂರು ಬೀಗ. ಕೊನೆಯವನು ತನ್ನ ಬೀಗ ತೆಗೆಯುವವರೆಗೆ ಯಾರೂ ಯಂತ್ರವನ್ನು ನಡೆಸುವಂತಿಲ್ಲ. ಬೀಗ ಹಾಕಿದ ಮೇಲೆ ಒಮ್ಮೆ ಹಸಿರು ಗುಂಡಿಯನ್ನು ಒತ್ತಿ, ಯಂತ್ರ ತಿರುಗುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಈ ವಿಧಾನದ ಅಂಗ. ಬೇರೆ ಸಾಲಿನ ಸ್ವಿಚ್ಚನ್ನು ಆರಿಸಿ ತನ್ನದನ್ನೇ ಆರಿಸಿದೆನೆಂದು ಭಾವಿಸುವ ತಪ್ಪು ಆಗ ಬಯಲಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1989ರಲ್ಲಿ ಇದಕ್ಕೆ ಪ್ರತ್ಯೇಕ ನಿಯಮವನ್ನು ಹೊರಡಿಸಲಾಯಿತು.

ಬೀಗ ಹಾಕುವ ಸೌಲಭ್ಯವಿಲ್ಲದ ಹಳ್ಳಿಯ ಗಿರಣಿಯಲ್ಲೂ ಇದೇ ತತ್ವವನ್ನು ಖರ್ಚಿಲ್ಲದೆ ಪಾಲಿಸಬಹುದು. ಮೇನ್ ಸ್ವಿಚ್ಚನ್ನು ಆರಿಸಿ, ಫ್ಯೂಸಿನ ಕಟೌಟುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡವನ ಯಂತ್ರವನ್ನು ಮತ್ತೊಬ್ಬರು ತಿಳಿಯದೆ ಚಾಲೂ ಮಾಡಲಾರರು, ಮರಳಿ ಬಂದ ಕರೆಂಟೂ ಮಾಡಲಾರದು. ಟ್ರ್ಯಾಕ್ಟರಿನ ಕೀಲಿಗೂ ಇದೇ ಮಾತು ಸಲ್ಲುತ್ತದೆ. ಚಕ್ರ ಪೂರ್ತಿ ನಿಂತ ಮೇಲೂ ಅದು ತಿರುಗದಂತೆ ಮರದ ತುಂಡನ್ನು ಅಡ್ಡವಿಡುವುದು, ಎತ್ತಿದ ಭಾಗಕ್ಕೆ ಊರುಗೋಲು ಕೊಡುವುದು, ಸಿಕ್ಕಿದ್ದನ್ನು ಕೈಯ ಬದಲು ಕೊಕ್ಕೆಯಿಂದ ತೆಗೆಯುವುದು, ಗ್ರೀಸಿನ ಬಾಯಿಯನ್ನು ಜಾಲರಿಯ ಹೊರಗೆ ಬರುವಂತೆ ಪೈಪಿನಿಂದ ಮುಂದುವರಿಸುವುದು ಇವು ಉಳಿದ ಉಪಾಯಗಳು. ಕೊನೆಯದು ಎಲ್ಲಕ್ಕಿಂತ ಉತ್ತಮ. ಅದರಿಂದ ಜಾಲರಿಯನ್ನು ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಪ್ರಥಮ ಚಿಕಿತ್ಸೆ

ಕೈ ಯಂತ್ರದಲ್ಲಿ ಸಿಕ್ಕಿಕೊಂಡಿದ್ದರೆ ಮೊದಲು ವಿದ್ಯುತ್ತನ್ನು ಕಡಿಯಬೇಕು. ಮೋಟಾರನ್ನು ಹಿಮ್ಮುಖವಾಗಿ ನಡೆಸುವುದು ಅಥವಾ ಕೈಯನ್ನು ಜಗ್ಗುವುದು ಗಾಯವನ್ನು ಹೆಚ್ಚಿಸಬಹುದು. ಬೋಲ್ಟುಗಳನ್ನು ಸಡಿಲಿಸಿ ಉರುಳೆಗಳನ್ನು ಅಗಲಿಸಿ ಬಿಡಿಸುವುದು ಲೇಸು. ರಕ್ತ ಸೋರುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ನೇರವಾಗಿ ಬಿಗಿಯಾಗಿ ಒತ್ತಿಹಿಡಿದು ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿರಬೇಕು. ಊತ ಬರುವ ಮೊದಲೇ ಉಂಗುರ, ಬಳೆಗಳನ್ನು ತೆಗೆಯಬೇಕು. ಅರಿಶಿನ, ಕಾಫಿಪುಡಿ, ಸುಣ್ಣ ಮೆತ್ತುವ ರೂಢಿ ಗಾಯವನ್ನು ಮಲಿನಗೊಳಿಸಿ ವೈದ್ಯರ ಕೆಲಸವನ್ನು ಕಷ್ಟಗೊಳಿಸುತ್ತದೆ. ಗ್ರೀಸು ಮೆತ್ತಿದ ಗಾಯವನ್ನು ಸೀಮೆಎಣ್ಣೆಯಿಂದ ತೊಳೆಯುವುದಂತೂ ಕೂಡದು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗುವುದರಿಂದ ಗಾಯಾಳುವಿಗೆ ಚಹಾ, ತಿಂಡಿ ಕೊಡಬಾರದು. ಧನುರ್ವಾಯು ತಡೆಯುವ ಚುಚ್ಚುಮದ್ದನ್ನು ಮರೆಯುವಂತಿಲ್ಲ.

ತುಂಡಾದ ಬೆರಳನ್ನು ಎಸೆಯದೆ, ಶುದ್ಧ ನೀರಿನಲ್ಲಿ ಅಥವಾ ಸಲೈನಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ಆ ಚೀಲವನ್ನು ಐಸು ಹಾಕಿದ ನೀರಿರುವ ಇನ್ನೊಂದು ಚೀಲದಲ್ಲೋ ಡಬ್ಬಿಯಲ್ಲೋ ಇಡಬೇಕು. ಬೆರಳು ನೇರವಾಗಿ ಐಸಿಗೆ ತಾಗಿದರೆ ಅದರ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಬೆರಳಿನಲ್ಲಿ ಮಾಂಸಖಂಡವಿಲ್ಲದಿರುವುದು ಇಲ್ಲಿ ಒಂದು ಅನುಕೂಲ. ಹೀಗೆ ತಂಪಾಗಿಟ್ಟ ಬೆರಳು ಹಲವು ಗಂಟೆ ಜೋಡಣೆಗೆ ಯೋಗ್ಯವಾಗಿ ಉಳಿಯುತ್ತದೆ. ಮಣಿಕಟ್ಟಿನ ಮೇಲೆ ತುಂಡಾದ ಕೈಗೆ ಅಷ್ಟು ಕಾಲಾವಕಾಶವಿಲ್ಲ. ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಯಶಸ್ವಿಯಾಗಿ ಮರುಜೋಡಿಸಿದ್ದು ಮೊದಲು ಜಪಾನಿನಲ್ಲಿ, 1965ರಲ್ಲಿ. ಎಲ್ಲ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಕರ್ನಾಟಕದಲ್ಲಿ 2008ರ ನವೆಂಬರಿನಿಂದ ನಡೆಯುತ್ತಿರುವ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡುವಾಗಲೇ ಬೆರಳು ತುಂಡಾಗಿದೆಯೆಂದು ತಿಳಿಸಿ, ಜೋಡಣೆಯ ಶಸ್ತ್ರಚಿಕಿತ್ಸೆ ಎಲ್ಲಿ ಸಾಧ್ಯವೆಂದು ವಿಚಾರಿಸಿದರೆ ಊರಿಂದೂರಿಗೆ ಅಲೆಯುವ ಹೊತ್ತು ಉಳಿಯುತ್ತದೆ.

ಕಾನೂನು

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರಲ್ಲಿ ಬಂದಿತು. ನೂರು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಅಪಾಯಕಾರಿ ಯಂತ್ರಗಳಿಗೆ ಬೇಲಿ ಹಾಕಬೇಕೆಂದು ಅದರಲ್ಲೇ ಹೇಳಲಾಗಿತ್ತು. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಈ ಸೀಮೆ ಬ್ರಿಟಿಷ್ ಭಾರತದ ಕಾನೂನಿಗೆ ಒಳಪಟ್ಟಿತ್ತು. 1953ರ ಅಕ್ಟೋಬರ್ 1ರಂದು ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯವನ್ನು ಸೇರಿತು.

ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆಗಳ ಕಾಯ್ದೆಯ 21ನೆಯ ಪ್ರಕರಣ ಯಂತ್ರಗಳ ಬೇಲಿಯನ್ನು ಕುರಿತದ್ದು. 22ನೆಯ ಪ್ರಕರಣ ನೇರವಾಗಿ ನಿರ್ವಹಣೆಯ ಕೆಲಸಕ್ಕೆ ಸಂಬಂಧಿಸಿದೆ. ಯಂತ್ರ ಓಡುತ್ತಿರುವಾಗಲೇ ಪರೀಕ್ಷಿಸಬೇಕಾದ, ಎಣ್ಣೆ ಹಾಕಬೇಕಾದ ಅನಿವಾರ್ಯತೆಯಿದ್ದರೆ ಆ ಕೆಲಸವನ್ನು ವಿಶೇಷ ತರಬೇತಿ ಪಡೆದ, ಮೈಗಂಟುವ ಉಡುಪು ತೊಟ್ಟ, ದಾಖಲೆ ಪುಸ್ತಕದಲ್ಲಿ ಹೆಸರು ನಮೂದಾಗಿರುವ ವಯಸ್ಕ ಪುರುಷ ಕಾರ್ಮಿಕ ಮಾತ್ರ ಮಾಡಬೇಕು. ಆ ಉಡುಪನ್ನು ಕಾರ್ಖಾನೆಯೇ ಒದಗಿಸಬೇಕು. 15 ಸೆಂಟಿಮೀಟರಿಗಿಂತ ಅಗಲವಾದ ಬೆಲ್ಟನ್ನು ಓಡುವ ಪುಲ್ಲಿಯ ಹತ್ತಿರ ಅವನೂ ಮುಟ್ಟುವಂತಿರಲಿಲ್ಲ. ಕಾಲೂರಲು ಭದ್ರವಾದ ನೆಲೆ, ಹಿಡಿದುಕೊಳ್ಳಲು ಆಧಾರ, ಏಣಿಯಿದ್ದರೆ ಅದನ್ನು ಬಿಗಿದಿರಬೇಕು ಇಲ್ಲವೇ ಇನ್ನೊಬ್ಬ ಹಿಡಿದಿರಬೇಕು ಎಂಬಷ್ಟು ವಿವರಗಳು ಅದರಲ್ಲಿವೆ. ಗಿರಣಿಯ ಒಳಗನ್ನು ಕಣ್ಣಾರೆ ಕಂಡವರು ಬರೆದ ಕಾನೂನು ಇದೆಂದು ಓದಿದ ಕೂಡಲೇ ತಿಳಿಯುತ್ತದೆ. 1976ರ ತಿದ್ದುಪಡಿಯು 24ನೆಯ ಪ್ರಕರಣಕ್ಕೆ ಒಂದು ಉಪಪ್ರಕರಣವನ್ನು ಸೇರಿಸಿತು. ಆಕಸ್ಮಿಕವಾಗಿ ಚಾಲೂ ಸ್ಥಿತಿಗೆ ಹೊರಳಬಹುದಾದ ಸ್ವಿಚ್ಚನ್ನು ಬಂದ್ ಸ್ಥಿತಿಯಲ್ಲಿ ಬೀಗ ಹಾಕಿಡುವ ಏರ್ಪಾಡು ಇರಬೇಕೆಂಬುದು ಅದರ ಸಾರ. ಅಮೆರಿಕದ ನಿಯಮಕ್ಕಿಂತ 13 ವರ್ಷ ಮೊದಲೇ ಬೀಗದ ತತ್ವ ಭಾರತದ ಕಾನೂನಿನಲ್ಲಿತ್ತು.

ಆದರೆ ವಿದ್ಯುತ್ತು ಬಳಸುವಲ್ಲಿ 10, ಬಳಸದಿರುವಲ್ಲಿ 20 ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾಯ್ದೆಯ ಅರ್ಥದಲ್ಲಿ ಕಾರ್ಖಾನೆ. 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು ಹಳೆಯ ಕಾಯ್ದೆಯ ಸ್ಥಾನವನ್ನು ಪಡೆಯಿತು. ಅದು ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ಇಬ್ಬರು ಮೂವರು ನಡೆಸುವ ಹಿಟ್ಟಿನ ಗಿರಣಿ, ಎಣ್ಣೆ ಗಿರಣಿಗಳು ಮೊದಲೂ ಹೊರಗಿದ್ದವು. ಈಗ ಇನ್ನಷ್ಟು ಸಣ್ಣ ಉದ್ದಿಮೆಗಳು ಕಾರ್ಖಾನೆಯೆಂಬ ವ್ಯಾಖ್ಯೆಯ ಹೊರಗುಳಿದಿವೆ. ಒಂದು ಯಂತ್ರಕ್ಕೆ ಮಾತ್ರ ಜನರ ಸಂಖ್ಯೆಯನ್ನು ನೋಡದ ಪ್ರತ್ಯೇಕ ಕಾನೂನಿದೆ. ಉತ್ತರ ಭಾರತದಲ್ಲಿ ಗೋಧಿಯ ಒಕ್ಕಣೆ ಯಂತ್ರಗಳು ಹರಡಿದಂತೆ ಕೈ ಕಳೆದುಕೊಂಡವರು ಹೆಚ್ಚಾದಾಗ, ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ವಿದ್ಯುತ್ತು ಅಥವಾ ಎಂಜಿನ್ನಿನಿಂದ ನಡೆಯುವ ಒಕ್ಕಣೆ ಯಂತ್ರವನ್ನು ಅದು ಅಪಾಯಕಾರಿ ಯಂತ್ರವೆಂದೇ ಹೆಸರಿಸಿ, ತಯಾರಿಕೆಯ ಹಂತದಿಂದಲೇ ನಿಯಂತ್ರಣವನ್ನು ತಂದಿತು.

ಪರಿಹಾರ

ಗಾಯವಾಗದಂತೆ ತಡೆಯುವ ಕಾನೂನು ಸಣ್ಣ ಗಿರಣಿಯ ಹೊಸ್ತಿಲಲ್ಲಿ ನಿಂತರೂ ಗಾಯಕ್ಕೆ ಪರಿಹಾರ ಕೊಡಿಸುವ ಕಾನೂನು ಒಳಗೆ ಬರುತ್ತದೆ. 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆಯೆಂದು ಬಂದು, 2010ರಿಂದ ನೌಕರರ ಪರಿಹಾರ ಕಾಯ್ದೆಯೆಂದು ಕರೆಯಲ್ಪಟ್ಟ ಶಾಸನವು ಯಂತ್ರಶಕ್ತಿ ಬಳಸಿ ತಯಾರಿಕೆ ನಡೆಯುವ ಯಾವುದೇ ಜಾಗದ ಕೆಲಸಗಾರನಿಗೂ, ಟ್ರ್ಯಾಕ್ಟರು ಮತ್ತು ಯಂತ್ರಗಳಿಂದ ನಡೆಸುವ ಬೇಸಾಯದಲ್ಲಿ ಕೂಲಿ ಮಾಡುವವನಿಗೂ ಅನ್ವಯಿಸುತ್ತಿತ್ತು. ರಾಶಿ ಯಂತ್ರದ ಕೂಲಿಕಾರನಿಗೂ ಹಕ್ಕಿದೆ ಎಂಬುದು ಇದರಿಂದ ಸ್ಪಷ್ಟ. ಈ ವ್ಯವಸ್ಥೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಇಎಸ್‌ಐ ವಿಮೆಗೆ ಒಳಪಟ್ಟ ಕಾರ್ಮಿಕರಿಗೆ ಪರಿಹಾರ ಆ ಯೋಜನೆಯ ಮೂಲಕವೇ ದೊರೆಯುತ್ತದೆ.

ಕಾಯ್ದೆಯ ಅನುಸೂಚಿ ಪ್ರತಿ ಅಂಗದ ನಷ್ಟಕ್ಕೂ ಗಳಿಕೆಯ ಸಾಮರ್ಥ್ಯದಲ್ಲಿ ಎಷ್ಟು ಕಡಿಮೆಯಾಯಿತೆಂದು ಶೇಕಡಾವಾರು ಹೇಳುತ್ತದೆ. ಹೆಬ್ಬೆರಳಿಗೆ ಶೇ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7. ಒಂದು ಕೈಯ ನಾಲ್ಕು ಬೆರಳು ಹೋದರೆ 50, ಪೂರ್ತಿ ಕೈ ಹೋದರೆ 60, ಎರಡೂ ಕೈ ಹೋದರೆ 100. ತಿಂಗಳ ಕೂಲಿಯ ಶೇ 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ಬಂದ ಮೊತ್ತದಲ್ಲಿ ಈ ಶೇಕಡಾವಾರು ಭಾಗವನ್ನು ಕೊಡಬೇಕು. 30 ವರ್ಷದವನಿಗೆ ಗುಣಕ 207.98. ತಿಂಗಳಿಗೆ 12,000 ರೂಪಾಯಿ ದುಡಿಯುವ ಆ ವಯಸ್ಸಿನವನ ತೋರುಬೆರಳು ಪೂರ್ತಿ ಹೋದರೆ 7,200 ರೂಪಾಯಿಯನ್ನು 207.98ರಿಂದ ಗುಣಿಸಿ ಬರುವ 14,97,456 ರೂಪಾಯಿಯ ಶೇ 14, ಅಂದರೆ ಸುಮಾರು 2,09,644 ರೂಪಾಯಿ ಸಲ್ಲಬೇಕು. ಹೆಬ್ಬೆರಳಾದರೆ ಸುಮಾರು 4,49,237 ರೂಪಾಯಿ.

ಈ ಪಟ್ಟಿಗೆ ಬಲಗೈ ಎಡಗೈಗಳ ಭೇದವಿಲ್ಲ. ಬಡಗಿ, ಕಮ್ಮಾರ, ದರ್ಜಿ ಎಂಬ ಭೇದವೂ ಇಲ್ಲ. ಈ ಕೊರತೆಯನ್ನು ನ್ಯಾಯಾಲಯಗಳು ಒಂದಿಷ್ಟು ತುಂಬಿವೆ. ಎಡಗೈಯನ್ನು ಮೊಣಕೈಯ ಮೇಲ್ಭಾಗದಲ್ಲಿ ಕತ್ತರಿಸಬೇಕಾಗಿ ಬಂದ ಒಬ್ಬ ಬಡಗಿಯ ಪ್ರಕರಣದಲ್ಲಿ, ಮರಗೆಲಸವನ್ನು ಒಂದೇ ಕೈಯಿಂದ ಮಾಡಲಾಗದು, ಆದ್ದರಿಂದ ಅವನ ನಷ್ಟ ಪೂರ್ಣ ಎಂಬ ನಿರ್ಣಯವನ್ನು ಸುಪ್ರೀಂ ಕೋರ್ಟು 1975ರಲ್ಲಿ ಎತ್ತಿಹಿಡಿಯಿತು. ಅಪಘಾತ ಯಂತ್ರದಿಂದ ಆದದ್ದಲ್ಲದಿದ್ದರೂ ಕೈಗಾಯದ ಮೊಕದ್ದಮೆಗಳಲ್ಲಿ ಆ ತೀರ್ಪನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ನಿರ್ವಹಣೆಯ ಕೆಲಸಗಾರರಿಗೆ ಎದುರಾಗುವ ವಿಶೇಷ ತೊಡಕು ಜಾಲರಿಯದು. ತನ್ನ ರಕ್ಷಣೆಗಾಗಿ ಇಟ್ಟದ್ದೆಂದು ತಿಳಿದೂ ಉದ್ದೇಶಪೂರ್ವಕವಾಗಿ ಜಾಲರಿಯನ್ನು ತೆಗೆದವನಿಗೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಲ್ಲದ ಗಾಯಗಳಲ್ಲಿ, ಪರಿಹಾರ ಕೊಡಬೇಕಾಗಿಲ್ಲವೆಂದು 1923ರ ಕಾಯ್ದೆ ಹೇಳುತ್ತದೆ. ಒಂದು ಬೆರಳು ಹೋದದ್ದು ಈ ವಿನಾಯಿತಿಯ ವ್ಯಾಪ್ತಿಗೇ ಬರುತ್ತದೆ. ಜಾಲರಿಯನ್ನು ಬಿಚ್ಚದೆ ದುರಸ್ತಿ ಮಾಡಲಾಗದು. ಬಿಚ್ಚಲು ಹೇಳಿದವರು ಮಾಲೀಕರೇ ಆಗಿದ್ದರೂ ಅದು ಬಾಯಿಮಾತಿನಲ್ಲೇ ಉಳಿದಿರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ದುರಸ್ತಿಗೆ ಮುನ್ನ ಲಿಖಿತ ಅನುಮತಿ ಚೀಟಿ ಕೊಡುವ ಪದ್ಧತಿಯಿದ್ದು, ಯಾರ ಆದೇಶದಿಂದ, ಯಾವ ಹೊತ್ತಿಗೆ ಜಾಲರಿ ಬಿಚ್ಚಲಾಯಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಸಣ್ಣ ಗಿರಣಿಯ ಕೆಲಸಗಾರನ ಬಳಿ ಅಂಥ ಕಾಗದವಿರುವುದಿಲ್ಲ. ಆಸ್ಪತ್ರೆಯಲ್ಲಿ ಗಾಯ ಹೇಗಾಯಿತೆಂದು ಬರೆಸುವ ಮೊದಲ ಹೇಳಿಕೆಯೇ ಅವನ ಮುಖ್ಯ ಸಾಕ್ಷ್ಯ. ‘ಮನೆಯಲ್ಲಿ ಬಿದ್ದು ಪೆಟ್ಟಾಯಿತು’ ಎಂದು ಬರೆಸಿದರೆ ಮುಂದೆ ಅದನ್ನು ತಿದ್ದುವುದು ಸುಲಭವಲ್ಲ. 1923ರ ಕಾಯ್ದೆಯಂತೆ ಅಪಘಾತವಾದ ಎರಡು ವರ್ಷಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕಿತ್ತು. ಸಲ್ಲಬೇಕಾದ ಹಣವನ್ನು ಒಂದು ತಿಂಗಳೊಳಗೆ ಕೊಡದ ಮಾಲೀಕನು ವರ್ಷಕ್ಕೆ ಶೇ 12ರ ಬಡ್ಡಿಯನ್ನೂ, ವಿಳಂಬಕ್ಕೆ ಸಮರ್ಥನೆಯಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ತೆರಬೇಕಾಗುತ್ತಿತ್ತು.